ಹೊಲದ ಸಾಕ್ಷ್ಯ: ಬೆಳೆಯ ಗಣಿತ ಮಾದರಿಗಳ ಪರೀಕ್ಷೆಯ ಇತಿಹಾಸ

೧

ಬರಲಿರುವ ಬೆಳೆ ಎಷ್ಟೆಂದು ಮುಂಚಿತವಾಗಿ ತಿಳಿಯಬೇಕೆಂಬ ಅಪೇಕ್ಷೆ ಬೇಸಾಯದಷ್ಟೇ ಹಳೆಯದು. ಕನ್ನಡ ನಾಡಿನ ಒಕ್ಕಲಿಗನು ಮಳೆಯ ನಕ್ಷತ್ರಗಳನ್ನೆಣಿಸುತ್ತ, ಆರಿದ್ರೆ ಹೇಗೆ ಸುರಿಯಿತು, ಮಘೆ ಕೈಕೊಟ್ಟಿತೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಸುಗ್ಗಿಯನ್ನು ಊಹಿಸುತ್ತಿದ್ದನು. ಕಂದಾಯದ ಅಧಿಕಾರಿಗಳು ಇದೇ ಊಹೆಯನ್ನು ಆಣೆವಾರಿಯ ರೂಪದಲ್ಲಿ ದಫ್ತರಕ್ಕೆ ಏರಿಸುತ್ತಿದ್ದರು. ಆದರೆ ಸಾಧಾರಣ ಬೆಳೆಯೆಂದರೆ ಎಷ್ಟಾಣೆ ಎಂಬ ವಿಷಯದಲ್ಲಿಯೇ ಪ್ರಾಂತ ಪ್ರಾಂತಗಳ ನಡುವೆ ಏಕಾಭಿಪ್ರಾಯವಿರಲಿಲ್ಲ. ಇಂದು ಅದೇ ಪ್ರಶ್ನೆಯನ್ನು ಗಣಕಯಂತ್ರದ ಮುಂದಿಡಲಾಗುತ್ತಿದೆ. ಭೂಮಿಯ ಹವೆ ಬದಲಾಗುತ್ತಿರುವ ಈ ಕಾಲದಲ್ಲಿ ಆ ಪ್ರಶ್ನೆಯ ಭಾರವೂ ಹೆಚ್ಚಿದೆ. ಉಷ್ಣತೆ ಎರಡು ಡಿಗ್ರಿ ಏರಿದರೆ ಗೋಧಿ ಎಷ್ಟು ಕಡಮೆಯಾದೀತು, ಮಳೆಯ ಕ್ರಮ ಕದಲಿದರೆ ಕಡಲೆಕಾಯಿಯ ಗತಿ ಏನು, ಎಂಬ ಪ್ರಶ್ನೆಗಳಿಗೆ ಸರಕಾರಗಳೂ ವಿಮಾ ಸಂಸ್ಥೆಗಳೂ ಸಾಲ ಕೊಡುವವರೂ ಉತ್ತರವನ್ನು ಎದುರು ನೋಡುತ್ತಿದ್ದಾರೆ.

ಈ ಉತ್ತರವನ್ನು ಕೊಡುವ ಸಾಧನಕ್ಕೆ ಬೆಳೆಯ ಮಾದರಿಯೆಂದು ಹೆಸರು. ಸಸ್ಯದ ಬೆಳವಣಿಗೆಯನ್ನು ದಿನದಿಂದ ದಿನಕ್ಕೆ ಲೆಕ್ಕ ಹಾಕುವ ಸಮೀಕರಣಗಳ ಒಂದು ವ್ಯವಸ್ಥೆಯೇ ಅದು. ಆಯಾ ದಿನದ ಬಿಸಿಲು, ಮಳೆ, ಗರಿಷ್ಠ ಮತ್ತು ಕನಿಷ್ಠ ಉಷ್ಣತೆ, ಮಣ್ಣಿನ ನೀರು ಹಾಗೂ ಸಾರಜನಕ, ಇಷ್ಟನ್ನು ಅದಕ್ಕೆ ಒದಗಿಸಿದರೆ ಎಲೆ ಎಷ್ಟು ಹರಡಿತು, ಬೇರು ಎಷ್ಟು ಇಳಿಯಿತು, ಹೂ ಯಾವಾಗ ಬಂದಿತು, ಕೊನೆಗೆ ಕಾಳು ಎಷ್ಟು ತೂಗಿತು ಎಂಬುದನ್ನು ಅದು ತಿಳಿಸುತ್ತದೆ.

ಇಂತಹ ಮಾದರಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ಈ ಪ್ರಶ್ನೆಗೆ ಉತ್ತರವನ್ನು ಅದರ ಸಮೀಕರಣಗಳಲ್ಲಿ ಹುಡುಕಿದರೆ ಸಾಲದು; ಅದನ್ನು ಪರೀಕ್ಷಿಸಿದ ಇತಿಹಾಸದಲ್ಲಿ ಹುಡುಕಬೇಕು. ಲೆಕ್ಕಪತ್ರದ ಕೆಲಸ ಬಲ್ಲವರಿಗೆಲ್ಲ ಒಂದು ಸಂಗತಿ ವಿದಿತವಾಗಿದೆ. ತಾಳೆಪಟ್ಟಿ ಕೂಡಿಬಂದ ಮಾತ್ರಕ್ಕೆ ಖಾತೆಗಳೆಲ್ಲ ಸರಿಯೆಂದು ಹೇಳಲಾಗದು. ಒಂದು ತಪ್ಪು ಇನ್ನೊಂದು ತಪ್ಪನ್ನು ಸರಿದೂಗಿಸಿದರೂ ಪಟ್ಟಿ ಕೂಡಿಬರುತ್ತದೆ. ಕಳೆದ ವರ್ಷಗಳ ಇಳುವರಿಯನ್ನು ಸರಿಯಾಗಿ ಹೇಳಿದ ಮಾದರಿಯ ಸ್ಥಿತಿಯೂ ಅಷ್ಟೆ. ಆ ವರ್ಷಗಳ ಅಂಕಿಗಳನ್ನು ನೋಡಿಯೇ ಅದನ್ನು ಹದಗೊಳಿಸಿರುವಾಗ, ಅವಕ್ಕೆ ಹೊಂದಿಕೊಂಡಿತೆಂಬುದು ದೊಡ್ಡ ಪ್ರಮಾಣವಲ್ಲ. ತಾನು ಕಾಣದ ಹೊಲದಲ್ಲಿ, ಕಾಣದ ಹವೆಯಲ್ಲಿ ಅದು ಹೇಗೆ ನಡೆದುಕೊಂಡಿತೆಂಬುದೇ ನಿಜವಾದ ಪರೀಕ್ಷೆ. ಅಂತಹ ಪರೀಕ್ಷೆಗಳು ಎಲ್ಲೆಲ್ಲಿ ನಡೆದವು, ಅವುಗಳಿಂದ ತಿಳಿದುದೇನು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಹವೆಗೂ ಬೆಳೆಗೂ ಇರುವ ಸಂಬಂಧವನ್ನು ಅಂಕಿಗಳಲ್ಲಿ ಹಿಡಿಯುವ ಪ್ರಯತ್ನ ಗಣಕಯಂತ್ರಕ್ಕಿಂತ ಬಹಳ ಹಿಂದಿನದು. ಉಷ್ಣಮಾಪಕಕ್ಕೆ ತನ್ನ ಹೆಸರಿನ ಒಂದು ಮಾನವನ್ನು ಕೊಟ್ಟ ಫ್ರಾನ್ಸಿನ ರೇಓಮ್ಯೂರ್, ಬೆಳೆ ಮಾಗುವುದಕ್ಕೆ ನಿತ್ಯದ ಉಷ್ಣತೆಗಳ ಮೊತ್ತ ಇಂತಿಷ್ಟಾಗಬೇಕೆಂಬ ವಿಚಾರವನ್ನು ೧೭೩೫ರಲ್ಲಿ ಮುಂದಿಟ್ಟನು. ಇಂದಿನ ಮಾದರಿಗಳೂ ಹೂ ಬಿಡುವ ದಿನವನ್ನು ಗುಣಿಸುವುದು ಬಹುಮಟ್ಟಿಗೆ ಇದೇ ತತ್ತ್ವದಿಂದ.

ಎರಡನೆಯ ಹೆಜ್ಜೆಯನ್ನಿಟ್ಟುದು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕ್ಷೇತ್ರ. ಅಲ್ಲಿಯ ಬ್ರಾಡ್‌ಬಾಕ್ ಎಂಬ ಹೊಲದಲ್ಲಿ ೧೮೪೩ರಿಂದ ಗೋಧಿಯ ಪ್ರಯೋಗ ನಡೆದು ಬಂದಿದೆ. ಒಂದೊಂದು ತುಂಡು ನೆಲಕ್ಕೆ ಕೊಟ್ಟ ಗೊಬ್ಬರವೆಷ್ಟು, ಅದರಿಂದ ಬಂದ ಕಾಳೆಷ್ಟು ಎಂಬ ಲೆಕ್ಕವನ್ನು ತಲೆಮಾರುಗಳ ಕಾಲ ಇಡಲಾಗಿದೆ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ೧೯೨೦ರ ದಶಕದ ಮಧ್ಯದಲ್ಲಿ ಈ ಲೆಕ್ಕವನ್ನು ಮಳೆಯ ದಾಖಲೆಯೊಡನೆ ಜೋಡಿಸಿ, ವರ್ಷದ ಯಾವ ಕಾಲದಲ್ಲಿ ಬಿದ್ದ ಹೆಚ್ಚಿನ ಮಳೆ ಗೋಧಿಗೆ ಎಷ್ಟು ಹಾನಿ ಮಾಡುವುದೆಂಬುದನ್ನು ತೋರಿಸಿದನು. ದೀರ್ಘಕಾಲದ ನಿಷ್ಠಾವಂತ ದಾಖಲೆಯಿಲ್ಲದೆ ಈ ಬಗೆಯ ಯಾವ ವಿಚಾರವೂ ಸಾಧ್ಯವಿಲ್ಲವೆಂಬ ಪಾಠವೂ ಅದರೊಡನೆಯೇ ಬಂದಿತು.

ಭಾರತದಲ್ಲಿ ಆ ದಾಖಲೆಯನ್ನು ಕಟ್ಟುವ ಕೆಲಸ ಎರಡು ದಾರಿಗಳಲ್ಲಿ ಸಾಗಿತು. ಇಳುವರಿಯನ್ನು ಕಣ್ಣಂದಾಜಿನಿಂದ ಬಿಡಿಸಿ ಕೊಯ್ದು ತೂಗುವ ಕ್ರಮಕ್ಕೆ ತಂದ ಶ್ರಮ ಮೊದಲನೆಯದು. ೧೯೨೦ರ ದಶಕದಲ್ಲಿ ಬಿಹಾರ ಮತ್ತು ಒರಿಸ್ಸಾ ಪ್ರಾಂತದಲ್ಲಿ ಹಬ್ಯಾಕ್, ೧೯೪೦ರ ದಶಕದಲ್ಲಿ ಬಂಗಾಳದಲ್ಲಿ ಮಹಾಲನೋಬಿಸ್, ಹಾಗೂ ಅಖಿಲ ಭಾರತ ಮಟ್ಟದಲ್ಲಿ ಸುಖಾತ್ಮೆ ಮತ್ತು ಪಾನಸೆ ಇವರು ಯಾದೃಚ್ಛಿಕವಾಗಿ ಆರಿಸಿದ ನೆಲದ ತುಂಡುಗಳಲ್ಲಿ ಬೆಳೆಯನ್ನು ಕೊಯ್ದು ಅಳೆಯುವ ಪದ್ಧತಿಯನ್ನು ನೆಲೆಗೊಳಿಸಿದರು. ಎರಡನೆಯದು ಹವೆಯ ದಾಖಲೆ. ಭಾರತ ಹವಾಮಾನ ಇಲಾಖೆಯು ೧೯೩೨ರಲ್ಲಿ ಪುಣೆಯಲ್ಲಿ ಕೃಷಿ ಹವಾಮಾನದ ಶಾಖೆಯನ್ನು ತೆರೆದು ಎಲ್. ಎ. ರಾಮದಾಸರಿಗೆ ಒಪ್ಪಿಸಿತು, ಹೊಲದ ಪಕ್ಕದಲ್ಲಿಯೇ ಹವೆಯನ್ನೂ ಬೆಳೆಯನ್ನೂ ಒಟ್ಟಿಗೆ ಗಮನಿಸುವ ಯೋಜನೆ ೧೯೪೦ರ ದಶಕದ ಮಧ್ಯದಲ್ಲಿ ಆರಂಭವಾಯಿತು.

ಆದರೆ ಸಂಖ್ಯಾಶಾಸ್ತ್ರದ ಸೂತ್ರಕ್ಕೆ ಒಂದು ಸಹಜವಾದ ಮಿತಿಯುಂಟು. ಗತಕಾಲದ ಅಂಕಿಗಳಿಂದ ಕಟ್ಟಿದ ಸೂತ್ರ ಗತಕಾಲದ ಎಲ್ಲೆಯೊಳಗೆ ಮಾತ್ರ ಪ್ರಮಾಣ. ನೂರು ವರ್ಷಗಳಲ್ಲಿ ಒಮ್ಮೆಯೂ ಕಾಣದ ಉಷ್ಣತೆ ನಾಳೆ ಬಂದರೆ ಆ ಸೂತ್ರ ಮೌನ ವಹಿಸಬೇಕು. ಮಾತನಾಡಿದರೂ ಅದು ಬರಿಯ ಊಹೆ. ಈ ಮಿತಿಯನ್ನು ದಾಟುವ ಆಸೆಯಿಂದಲೇ ಮೂರನೆಯ ಹೆಜ್ಜೆ ಹುಟ್ಟಿತು.

೩

ನೆದರ್ಲೆಂಡ್ಸಿನ ವಾಗೆನಿಂಗೆನ್ ನಗರದಲ್ಲಿ ಕೆಲಸ ಮಾಡುತ್ತಿದ್ದ ಸಿ. ಟಿ. ಡಿ ವಿಟ್ ಈ ಹೊಸ ದಾರಿಯ ಮೂಲಪುರುಷನೆಂದು ಪರಿಗಣಿತನಾಗಿದ್ದಾನೆ. ಬೆಳೆ ಹೊರಬಿಡುವ ನೀರಾವಿಗೂ ಅದರ ಇಳುವರಿಗೂ ಇರುವ ಸಂಬಂಧವನ್ನು ಅವನು ೧೯೫೮ರಲ್ಲಿ ವಿವರಿಸಿದನು. ೧೯೬೫ರಲ್ಲಿ ಒಂದರ ಮೇಲೊಂದು ಹರಡಿದ ಎಲೆಗಳ ಸಮೂಹವು ಬಿಸಿಲನ್ನು ಹಿಡಿದು ಆಹಾರವನ್ನು ತಯಾರಿಸುವ ಬಗೆಯನ್ನು ಲೆಕ್ಕಕ್ಕೆ ತಂದನು. ಇಳುವರಿಗೂ ಮಳೆಗೂ ನೇರವಾಗಿ ಗಂಟು ಹಾಕುವ ಬದಲು, ಸಸ್ಯದೊಳಗೆ ನಡೆಯುವ ಕ್ರಿಯೆಗಳನ್ನು ಒಂದೊಂದಾಗಿ ಬರೆದು ಜೋಡಿಸಿದರೆ ಎಂತಹ ಹೊಸ ಹವೆಯಲ್ಲಿಯೂ ಅದು ಉತ್ತರ ಹೇಳಬಲ್ಲುದೆಂಬುದು ಈ ಪಂಥದ ನಂಬಿಕೆ. ೧೯೭೭ರಲ್ಲಿ ಬ್ರಿಟನ್ನಿನ ಜಾನ್ ಮಾಂಟೀತ್, ಎಲೆಗಳು ಹಿಡಿದ ಪ್ರತಿಯೊಂದು ಮೆಗಾಜೂಲ್ ಬಿಸಿಲಿಗೆ ಸುಮಾರು ೧.೪ ಗ್ರಾಂ ಒಣ ಪದಾರ್ಥ ಸಿದ್ಧವಾಗುವುದೆಂದು ತೋರಿಸಿ ಈ ಜೋಡಣೆಯನ್ನು ಬಹಳ ಸರಳಗೊಳಿಸಿದನು. ಅಮೆರಿಕದ ಟೆಕ್ಸಸ್ಸಿನಲ್ಲಿ ಜೋ ರಿಚಿ ಮತ್ತು ಅವನ ಸಹೋದ್ಯೋಗಿಗಳು ಗೋಧಿ, ಮೆಕ್ಕೆಜೋಳಗಳಿಗೆ ಮಾದರಿಗಳನ್ನು ಕಟ್ಟಿದರು. ಫ್ಲಾರಿಡಾದಲ್ಲಿ ಸೋಯಾ ಅವರೆ ಮತ್ತು ನೆಲಗಡಲೆಗಳಿಗೆ ಬೇರೆ ಮಾದರಿಗಳು ಹುಟ್ಟಿದವು.

ಈ ಚರಿತ್ರೆಯ ಒಂದು ಮುಖ್ಯ ಸಭೆ ನಡೆದುದು ಭಾರತದಲ್ಲಿ. ಹೈದರಾಬಾದಿನ ಕನ್ನಡಿಗರಿಗೆ ಮುಂಬಯಿಯ ಹೆದ್ದಾರಿಯ ಮೇಲಿರುವ ಪಟಾಂಚೆರು ಪರಿಚಿತವಾದುದೇ. ಅರೆಶುಷ್ಕ ಉಷ್ಣವಲಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ ಅಲ್ಲಿ ನೆಲೆಸಿದೆ. ೧೯೮೩ರ ಮಾರ್ಚ್ ತಿಂಗಳಲ್ಲಿ ಅಲ್ಲಿ ಸೇರಿದ ವಿಜ್ಞಾನಿಗಳು, ಯಾವುದೇ ದೇಶದ ಹೊಲದ ಪ್ರಯೋಗವು ಮಾದರಿಗಳಿಗೆ ಉಪಯುಕ್ತವಾಗಬೇಕಾದರೆ ಕನಿಷ್ಠಪಕ್ಷ ಏನೇನನ್ನು ಅಳೆದಿಡಬೇಕೆಂಬುದನ್ನು ಚರ್ಚಿಸಿದರು. ನಿತ್ಯದ ಹವೆ, ಮಣ್ಣಿನ ಪದರಗಳ ಗುಣ, ಬೇಸಾಯದ ಕ್ರಮ, ಬೆಳೆಯ ಹಂತಗಳು ಮತ್ತು ಇಳುವರಿ ಇವುಗಳನ್ನು ಒಂದೇ ರೀತಿಯಾಗಿ ದಾಖಲಿಸುವ ಈ ಒಪ್ಪಂದದ ಮೇಲೆ, ಗೋರೊ ಉಯೆಹಾರನ ನೇತೃತ್ವದಲ್ಲಿ ಹವಾಯಿ ವಿಶ್ವವಿದ್ಯಾಲಯ ನಡೆಸಿದ ಯೋಜನೆಯೊಂದು ಬೆಳೆದು, ೧೯೮೯ರಲ್ಲಿ ಹಲವು ಬೆಳೆಗಳ ಮಾದರಿಗಳನ್ನು ಒಂದುಗೂಡಿಸಿದ ಡಿ.ಎಸ್.ಎಸ್.ಎ.ಟಿ. ಎಂಬ ವ್ಯವಸ್ಥೆ ಹೊರಬಂದಿತು. ಮಾಂಟೀತ್ ಕೂಡ ೧೯೮೦ರ ದಶಕದ ಕೊನೆಯಲ್ಲಿ ಪಟಾಂಚೆರುವಿಗೆ ಬಂದು ಕೆಲವು ವರ್ಷ ಕೆಲಸ ಮಾಡಿದನು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಸ್ಯದ ಕ್ರಿಯೆಗಳಿಂದ ಕಟ್ಟಿದ ಮಾದರಿಯೂ ಪೂರ್ತಿಯಾಗಿ ಸ್ವತಂತ್ರವಾದುದಲ್ಲ. ಪ್ರತಿಯೊಂದು ತಳಿಗೂ ಹೂ ಬಿಡುವ ಅವಧಿ, ಕಾಳಿನ ಸಂಖ್ಯೆ, ಕಾಳು ತುಂಬುವ ವೇಗ ಮೊದಲಾದ ಕೆಲವು ಅಂಕಿಗಳನ್ನು ಹೊಲದ ಫಲಿತಾಂಶವನ್ನು ನೋಡಿಯೇ ಗೊತ್ತುಪಡಿಸಬೇಕಾಗುತ್ತದೆ. ಹಾಗೆ ಗೊತ್ತುಪಡಿಸಿದ ಹೊಲಗಳೆಲ್ಲ ಸಾಮಾನ್ಯವಾಗಿ ಹದವಾದ ಹವೆಯ ಹೊಲಗಳು. ಆದುದರಿಂದ ಸಂಖ್ಯಾಶಾಸ್ತ್ರದ ಸೂತ್ರಕ್ಕಿದ್ದ ಮಿತಿ ಬೇರೊಂದು ವೇಷದಲ್ಲಿ ಇಲ್ಲಿಯೂ ಹಿಂಬಾಲಿಸಿ ಬಂದಿತು. ಇದು ಬೆಳಕಿಗೆ ಬಂದುದು ಮಾದರಿಗಳನ್ನು ಹವೆಯ ಬದಲಾವಣೆಗೆ ಅನ್ವಯಿಸತೊಡಗಿದ ಮೇಲೆ.

೪

೧೯೯೪ರಲ್ಲಿ ಸಿಂಥಿಯಾ ರೋಸೆನ್‌ಜ್ವೈಗ್ ಮತ್ತು ಮಾರ್ಟಿನ್ ಪ್ಯಾರಿ ೧೮ ದೇಶಗಳ ವಿಜ್ಞಾನಿಗಳ ನೆರವಿನಿಂದ ಜಗತ್ತಿನ ಆಹಾರದ ಮೇಲೆ ಹವೆಯ ಬದಲಾವಣೆಯ ಪರಿಣಾಮವನ್ನು ಅಂದಾಜು ಮಾಡಿದರು. ಒಟ್ಟು ಉತ್ಪನ್ನದಲ್ಲಿ ಇಳಿತ ಅಲ್ಪವಾಗಿದ್ದರೂ ಅದರ ಭಾರ ಬಡ ದೇಶಗಳ ಮೇಲೆಯೇ ಬೀಳುವುದೆಂಬುದು ಅವರ ನಿರ್ಣಯ. ಇಳಿತ ಅಲ್ಪವೆನಿಸಲು ಮುಖ್ಯ ಕಾರಣ ಇಂಗಾಲದ ಡೈಆಕ್ಸೈಡು. ಗಾಳಿಯಲ್ಲಿ ಈ ಅನಿಲ ಹೆಚ್ಚಿದರೆ ಗೋಧಿ, ಭತ್ತ, ನೆಲಗಡಲೆ ಮೊದಲಾದ ಬೆಳೆಗಳು ಹೆಚ್ಚು ಆಹಾರವನ್ನು ತಯಾರಿಸುತ್ತವೆ. ಜೋಳ, ಮೆಕ್ಕೆಜೋಳ, ಕಬ್ಬುಗಳಿಗೆ ಇದರ ಲಾಭ ಕಡಮೆ. ಬಿಸಿಯಿಂದಾಗುವ ನಷ್ಟವನ್ನು ಈ ಲಾಭ ಎಷ್ಟರ ಮಟ್ಟಿಗೆ ತುಂಬಿಕೊಡುವುದೆಂಬುದೇ ವಾದದ ಕೇಂದ್ರವಾಯಿತು.

ಆ ಲಾಭದ ಅಂಕಿಗಳು ಬಹುಮಟ್ಟಿಗೆ ಬಂದುದು ಗಾಜಿನ ಮನೆಗಳಿಂದ ಮತ್ತು ಮುಚ್ಚಿದ ಕೋಣೆಗಳಿಂದ. ಅಲ್ಲಿಯ ಗಾಳಿ, ಬೆಳಕು, ಬೇರಿಗೆ ದೊರೆಯುವ ಮಣ್ಣು ಯಾವುದೂ ಹೊಲದಂತಿರುವುದಿಲ್ಲ. ಈ ಕೊರತೆಯನ್ನು ನೀಗಿಸಲು ಅಮೆರಿಕದ ಅರಿಜೋನಾ ಸಂಸ್ಥಾನದ ಮ್ಯಾರಿಕೋಪಾದಲ್ಲಿ ಹೊಸ ಬಗೆಯ ಪ್ರಯೋಗ ನಡೆಯಿತು. ತೆರೆದ ಹೊಲದಲ್ಲಿಯೇ ಬೆಳೆಯ ಸುತ್ತ ವೃತ್ತಾಕಾರವಾಗಿ ಕೊಳವೆಗಳನ್ನು ನಿಲ್ಲಿಸಿ, ಗಾಳಿ ಬೀಸುವ ದಿಕ್ಕನ್ನನುಸರಿಸಿ ಅನಿಲವನ್ನು ಬಿಟ್ಟು, ಅದರ ಪ್ರಮಾಣವನ್ನು ಹತ್ತು ಲಕ್ಷಕ್ಕೆ ಸುಮಾರು ೫೫೦ ಭಾಗದಷ್ಟಕ್ಕೆ ಏರಿಸಲಾಯಿತು. ಮೊದಲು ಹತ್ತಿ, ೧೯೯೦ರ ದಶಕದಲ್ಲಿ ಗೋಧಿ ಹೀಗೆ ಬೆಳೆದವು; ಮುಂದೆ ಜಪಾನಿನಲ್ಲಿ ಭತ್ತಕ್ಕೂ ಇಲಿನಾಯಿಯಲ್ಲಿ ಸೋಯಾ ಅವರೆಗೂ ಇದೇ ವಿಧಾನವನ್ನು ಅನ್ವಯಿಸಿದರು.

೨೦೦೬ರಲ್ಲಿ ಸ್ಟೀಫನ್ ಲಾಂಗ್ ಮತ್ತು ಸಹೋದ್ಯೋಗಿಗಳು ಈ ತೆರೆದ ಹೊಲಗಳ ಫಲಿತಾಂಶವನ್ನು ಒಟ್ಟುಗೂಡಿಸಿ, ಇಂಗಾಲದ ಡೈಆಕ್ಸೈಡಿನಿಂದ ಇಳುವರಿಯಲ್ಲಿ ಆಗುವ ಹೆಚ್ಚಳ ಮುಚ್ಚಿದ ಕೋಣೆಗಳಲ್ಲಿ ಕಂಡುದರ ಸುಮಾರು ಅರ್ಧದಷ್ಟು ಮಾತ್ರವೆಂದು ಸಾರಿದರು. ಹಾಗಾದರೆ ಮಾದರಿಗಳ ಆಶಾವಾದಕ್ಕೆ ಆಧಾರವೆಲ್ಲಿ ಎಂಬುದು ಅವರ ಪ್ರಶ್ನೆ. ಮರುವರ್ಷವೇ ಫ್ರಾನ್ಸೆಸ್ಕೊ ಟುಬಿಯೆಲ್ಲೊ ಮೊದಲಾದವರು ಇದಕ್ಕೆ ಉತ್ತರವಿತ್ತು, ಎರಡು ಬಗೆಯ ಪ್ರಯೋಗಗಳ ನಡುವಣ ಅಂತರ ಹೇಳಿದಷ್ಟು ದೊಡ್ಡದಲ್ಲ, ಮಾದರಿಗಳು ಬಳಸಿದ ಅಂಕಿಗಳೂ ತೆರೆದ ಹೊಲದ ಅಂಕಿಗಳಿಗೆ ತೀರ ವಿರುದ್ಧವಾಗಿಲ್ಲ ಎಂದು ವಾದಿಸಿದರು. ಯಾರ ಪಕ್ಷ ಬಲವಾದುದೆಂಬ ಪ್ರಶ್ನೆಗಿಂತಲೂ ಈ ವಾದದಿಂದ ಹೊಮ್ಮಿದ ಸಂಗತಿ ಮುಖ್ಯವಾಗಿದೆ. ಜಗತ್ತಿನ ಆಹಾರದ ಭವಿಷ್ಯವನ್ನು ಹೇಳುವ ಲೆಕ್ಕದ ಒಂದು ಆಧಾರಸ್ತಂಭವು ಬೆರಳೆಣಿಕೆಯ ಹೊಲಗಳ ಮೇಲೆ ನಿಂತಿತ್ತು. ಆ ಹೊಲಗಳ ಪೈಕಿ ಉಷ್ಣವಲಯದವು ಇಲ್ಲವೆನ್ನುವಷ್ಟು ವಿರಳವಾಗಿದ್ದವು.

೫

ಅಲ್ಲಿಯವರೆಗೆ ಪ್ರತಿಯೊಂದು ಮಾದರಿಯನ್ನೂ ಅದನ್ನು ಕಟ್ಟಿದವರೇ ತಮಗೆ ಅನುಕೂಲವಾದ ಹೊಲದಲ್ಲಿ ಪರೀಕ್ಷಿಸಿಕೊಳ್ಳುತ್ತಿದ್ದುದು ವಾಡಿಕೆ. ೨೦೧೦ರಲ್ಲಿ ರೋಸೆನ್‌ಜ್ವೈಗ್, ಜೇಮ್ಸ್ ಜೋನ್ಸ್ ಮೊದಲಾದವರು ಆರಂಭಿಸಿದ ಆಗ್‌ಮಿಪ್ ಎಂಬ ಅಂತರರಾಷ್ಟ್ರೀಯ ಯೋಜನೆ ಈ ವಾಡಿಕೆಯನ್ನು ಬದಲಿಸಿತು. ಎಲ್ಲ ಮಾದರಿಗಳನ್ನೂ ಒಂದೇ ಹೊಲದ ಮುಂದೆ ನಿಲ್ಲಿಸಿ ಒಂದೇ ಪ್ರಶ್ನೆಯನ್ನು ಕೇಳುವುದು ಅದರ ಕ್ರಮ.

ಸೆಂಥೋಲ್ಡ್ ಆಸೆಂಗ್ ಮತ್ತು ಬಹು ದೇಶಗಳ ಸಹೋದ್ಯೋಗಿಗಳು ೨೦೧೩ರಲ್ಲಿ ಪ್ರಕಟಿಸಿದ ಗೋಧಿಯ ಪರೀಕ್ಷೆ ಈ ದೃಷ್ಟಿಯಿಂದ ಚಿರಸ್ಮರಣೀಯವಾದುದು. ೨೭ ಮಾದರಿಗಳು, ನಾಲ್ಕು ಹೊಲಗಳು: ನೆದರ್ಲೆಂಡ್ಸಿನಲ್ಲಿ ಒಂದು, ಅರ್ಜೆಂಟೀನಾದಲ್ಲಿ ಒಂದು, ಆಸ್ಟ್ರೇಲಿಯಾದಲ್ಲಿ ಒಂದು, ನಾಲ್ಕನೆಯದು ಭಾರತದ ದೆಹಲಿಯಲ್ಲಿ. ಮೊದಲ ಸುತ್ತಿನಲ್ಲಿ ಇಳುವರಿಯ ಅಂಕಿಗಳನ್ನು ಮುಚ್ಚಿಟ್ಟು ಉತ್ತರ ಕೇಳಲಾಯಿತು. ಎರಡನೆಯ ಸುತ್ತಿನಲ್ಲಿ ಎಲ್ಲ ವಿವರಗಳನ್ನೂ ಕೊಟ್ಟು ಮಾದರಿಗಳನ್ನು ಹದಗೊಳಿಸಲು ಅವಕಾಶವಿತ್ತರು. ಹದಗೊಳಿಸಿದ ಮೇಲೆ ಬಹುತೇಕ ಮಾದರಿಗಳ ಲೆಕ್ಕ ಹೊಲದ ಇಳುವರಿಗೆ ಸಮೀಪವಾಗಿ ಬಂದಿತು. ಅಷ್ಟರಲ್ಲಿಯೇ ನಿಂತಿದ್ದರೆ ಮಾದರಿಗಳೆಲ್ಲ ಉತ್ತೀರ್ಣವಾದುವೆಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಅದೇ ಮಾದರಿಗಳಿಗೆ ಏರಿದ ಉಷ್ಣತೆಯನ್ನೂ ಹೆಚ್ಚಿದ ಇಂಗಾಲದ ಡೈಆಕ್ಸೈಡನ್ನೂ ಕೊಟ್ಟಾಗ, ಇಂದಿನ ಹವೆಯಲ್ಲಿ ಒಕ್ಕೊರಲಿನಿಂದ ಮಾತನಾಡಿದ ಅವು ದಿಕ್ಕಿಗೊಂದಾಗಿ ಚೆದರಿದವು. ಹವೆಯ ಭವಿಷ್ಯವನ್ನು ಹೇಳುವ ಮಾದರಿಗಳ ನಡುವಣ ಭೇದಕ್ಕಿಂತ ಬೆಳೆಯ ಮಾದರಿಗಳ ನಡುವಣ ಭೇದವೇ ಹೆಚ್ಚಿನ ಅನಿಶ್ಚಯಕ್ಕೆ ಕಾರಣವೆಂದು ಸಿದ್ಧವಾಯಿತು. ತಾಳೆಪಟ್ಟಿ ಕೂಡಿಬಂದಿತ್ತು, ಒಳಗಿನ ಖಾತೆಗಳು ಮಾತ್ರ ಬೇರೆ ಬೇರೆಯಾಗಿದ್ದವು.

ಮುಂದಿನ ಪರೀಕ್ಷೆಗೆ ಮ್ಯಾರಿಕೋಪಾದ ಇನ್ನೊಂದು ಪ್ರಯೋಗ ಒದಗಿ ಬಂದಿತು. ೨೦೦೭ರಿಂದ ೨೦೦೯ರವರೆಗೆ ಅಲ್ಲಿಯ ವಿಜ್ಞಾನಿಗಳು ಸುಮಾರು ಆರು ವಾರಗಳಿಗೊಮ್ಮೆ ಗೋಧಿಯನ್ನು ಬಿತ್ತುತ್ತ ಹೋದರು. ಚಳಿಗಾಲದ ಬೆಳೆಯಾದ ಗೋಧಿಯನ್ನು ಮರುಭೂಮಿಯ ಬೇಸಗೆಯಲ್ಲಿ ಬಿತ್ತುವುದು ಒಕ್ಕಲಿಗನ ದೃಷ್ಟಿಯಲ್ಲಿ ಹುಚ್ಚುತನ. ಪರೀಕ್ಷಕನ ದೃಷ್ಟಿಯಲ್ಲಿ ಅದೇ ಅಮೂಲ್ಯ. ಕೆಲವು ತುಂಡುಗಳನ್ನು ಅವಕೆಂಪು ಕಿರಣದ ಕಾವಲಿಗಳಿಂದ ಇನ್ನಷ್ಟು ಬಿಸಿಯಾಗಿಸಲಾಯಿತು. ಹೀಗೆ ಬೆಳೆಯ ಕಾಲದ ಸರಾಸರಿ ಉಷ್ಣತೆ ೧೫ರಿಂದ ೩೨ ಡಿಗ್ರಿ ಸೆಂಟಿಗ್ರೇಡಿನವರೆಗೆ ಹಬ್ಬಿದ ಸಾಕ್ಷ್ಯ ಕೈಗೆ ಬಂದಿತು. ೩೦ ಮಾದರಿಗಳನ್ನು ಇದರ ಮುಂದಿಟ್ಟ ಫಲವನ್ನು ೨೦೧೫ರಲ್ಲಿ ಪ್ರಕಟಿಸಲಾಯಿತು. ತಂಪಾದ ಹವೆಯಲ್ಲಿ ಅನೇಕ ಮಾದರಿಗಳು ಸರಿಯಾಗಿ ನಡೆದವು. ಬಿಸಿ ಏರಿದಂತೆ ಅವುಗಳ ತಪ್ಪು ಹೆಚ್ಚಿತು. ಆದರೆ ಎಲ್ಲ ಮಾದರಿಗಳ ಉತ್ತರಗಳನ್ನು ಸಾಲಾಗಿಟ್ಟು ನಡುವಿನದನ್ನು ತೆಗೆದುಕೊಂಡರೆ, ಅದು ಯಾವ ಒಂದು ಮಾದರಿಗಿಂತಲೂ ಸತ್ಯಕ್ಕೆ ಹತ್ತಿರವಾಗಿತ್ತು. ಈ ನಡುವಿನ ಉತ್ತರದ ಪ್ರಕಾರ ಪ್ರತಿಯೊಂದು ಡಿಗ್ರಿ ಏರಿಕೆಗೆ ಜಗತ್ತಿನ ಗೋಧಿಯಲ್ಲಿ ಸುಮಾರು ಶೇಕಡಾ ೬ ನಷ್ಟ.

ಹಲವರ ನಡುವಿನ ಮಾತು ಒಬ್ಬನ ಮಾತಿಗಿಂತ ಮೇಲೆಂಬುದು ಪಂಚಾಯಿತಿಯ ನ್ಯಾಯವನ್ನು ಕಂಡವರಿಗೆ ಹೊಸದಲ್ಲ. ಆದರೆ ಆ ನ್ಯಾಯಕ್ಕೂ ಒಂದು ನಿಬಂಧನೆಯುಂಟು: ಪಂಚರ ತಪ್ಪುಗಳು ಬೇರೆ ಬೇರೆ ದಿಕ್ಕಿನವಾಗಿರಬೇಕು. ಎಲ್ಲರೂ ಒಂದೇ ಸಂಗತಿಯನ್ನು ಮರೆತಿದ್ದರೆ ನಡುವಿನ ಮಾತೂ ಅದನ್ನು ಮರೆತಿರುತ್ತದೆ. ಇಂತಹ ಮರೆವಿನ ಒಂದು ನಿದರ್ಶನ ಉತ್ತರ ಭಾರತದ ಗೋಧಿಯ ಹೊಲಗಳಲ್ಲಿಯೇ ದೊರಕಿತ್ತು. ಡೇವಿಡ್ ಲೋಬೆಲ್ ಮತ್ತು ಇಬ್ಬರು ಸಹೋದ್ಯೋಗಿಗಳು ಒಂಬತ್ತು ವರ್ಷಗಳ ಉಪಗ್ರಹ ಚಿತ್ರಗಳಿಂದ ಅಲ್ಲಿಯ ಹೊಲಗಳ ಹಸಿರು ಎಂದು ಏರಿತು, ಎಂದು ಇಳಿಯಿತು ಎಂಬುದನ್ನು ಗುರುತಿಸಿ ೨೦೧೨ರಲ್ಲಿ ಪ್ರಕಟಿಸಿದರು. ಉಷ್ಣತೆ ೩೪ ಡಿಗ್ರಿಯನ್ನು ಮೀರಿದ ದಿನಗಳಲ್ಲಿ ಗೋಧಿಯ ಎಲೆ ಬೇಗನೆ ಹಣ್ಣಾಗಿ, ಕಾಳು ತುಂಬುವ ಅವಧಿ ಮೊಟಕಾಗುತ್ತಿತ್ತು. ಬಳಕೆಯಲ್ಲಿದ್ದ ಎರಡು ಪ್ರಸಿದ್ಧ ಮಾದರಿಗಳನ್ನು ಇದರೊಡನೆ ಹೋಲಿಸಿ ನೋಡಿದಾಗ, ಎರಡು ಡಿಗ್ರಿ ಏರಿಕೆಯಿಂದ ಆಗುವ ನಷ್ಟವನ್ನು ಕೆಲವು ಬಿತ್ತನೆಯ ದಿನಗಳಿಗೆ ಅವು ಅರ್ಧದಷ್ಟು ಕಡಮೆಯಾಗಿ ತೋರಿಸುತ್ತಿರಬಹುದೆಂದು ಕಂಡುಬಂದಿತು.

ಈ ಮಾತು ಶಾಸ್ತ್ರಪತ್ರಿಕೆಯ ಪುಟಗಳಲ್ಲಿಯೇ ಉಳಿಯಲಿಲ್ಲ. ಗರಿಷ್ಠ ಉಷ್ಣತೆಯ ಸರಾಸರಿಯಲ್ಲಿ ೨೦೨೨ರ ಮಾರ್ಚ್ ತಿಂಗಳು ೧೯೦೧ರಿಂದ ಅಂದಿನವರೆಗೆ ಭಾರತ ಕಂಡ ಅತ್ಯಂತ ಬಿಸಿಯಾದ ಮಾರ್ಚ್ ಆಗಿ ಪರಿಣಮಿಸಿತು. ಆ ವರ್ಷದ ಫೆಬ್ರವರಿಯಲ್ಲಿ ಸರಕಾರ ಅಂದಾಜು ಮಾಡಿದ ಗೋಧಿ ೧೧ ಕೋಟಿ ೧೩ ಲಕ್ಷ ಟನ್ನು. ಮೇ ತಿಂಗಳಲ್ಲಿ ಅದನ್ನು ೧೦ ಕೋಟಿ ೬೪ ಲಕ್ಷಕ್ಕೆ ಇಳಿಸಬೇಕಾಯಿತು. ಮೇ ೧೩ರಂದು ರಫ್ತನ್ನು ನಿಷೇಧಿಸಲಾಯಿತು. ಕೆಲವೇ ದಿನಗಳ ಬಿಸಿ ಕಾಳು ತುಂಬುವ ಹೊತ್ತಿಗೆ ಬಿದ್ದರೆ ಒಂದು ದೇಶದ ವ್ಯಾಪಾರನೀತಿಯೇ ಬದಲಾಗುವುದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಪರೀಕ್ಷೆಯಲ್ಲಿ ತಪ್ಪಿದುದು ವ್ಯರ್ಥವಾಗಲಿಲ್ಲವೆಂಬುದನ್ನೂ ಹೇಳಬೇಕು. ೨೯ ಗೋಧಿ ಮಾದರಿಗಳನ್ನು ಬಿಚ್ಚಿ ನೋಡಿದ ೨೦೧೭ರ ಅಧ್ಯಯನವೊಂದು, ಅವುಗಳ ನಡುವಣ ಅನಿಶ್ಚಯದ ಅರ್ಧಕ್ಕಿಂತ ಹೆಚ್ಚು ಭಾಗ ಉಷ್ಣತೆಗೆ ಸಸ್ಯ ತೋರುವ ಪ್ರತಿಕ್ರಿಯೆಯನ್ನು ಬರೆದ ಸೂತ್ರಗಳಿಂದಲೇ ಬಂದುದೆಂದು ಪತ್ತೆ ಹಚ್ಚಿತು. ಆ ಸೂತ್ರಗಳನ್ನು ನಾಲ್ಕು ಮಾದರಿಗಳಲ್ಲಿ ತಿದ್ದಿದಾಗ ತಪ್ಪು ಶೇಕಡಾ ೧೯ರಿಂದ ೫೦ರವರೆಗೆ ಕಡಮೆಯಾಯಿತು. ಹೊಸ ಪೀಳಿಗೆಯ ಮಾದರಿಗಳಿಂದ ೨೦೨೧ರಲ್ಲಿ ಜಗತ್ತಿನ ಲೆಕ್ಕವನ್ನು ಮರಳಿ ಹಾಕಿದಾಗ, ಅನಿಲಗಳ ಹೊರಸೂಸುವಿಕೆ ಅತಿಯಾದರೆ ಈ ಶತಮಾನದ ಕೊನೆಗೆ ಮೆಕ್ಕೆಜೋಳದ ಗತಿ ಹಿಂದೆ ಹೇಳಿದ್ದ ಶೇಕಡಾ ೧ರ ಏರಿಕೆಯಿಂದ ಶೇಕಡಾ ೨೪ರ ಇಳಿತಕ್ಕೆ ಬದಲಾಯಿತು. ಗೋಧಿಯ ಏರಿಕೆ ಶೇಕಡಾ ೯ರಿಂದ ೧೮ಕ್ಕೆ ಹೋಯಿತು. ಹವೆಯ ಲೆಕ್ಕ ಬದಲಾದುದೂ ಬೆಳೆಯ ಮಾದರಿಗಳು ತಿದ್ದಿಕೊಂಡುದೂ ಇದಕ್ಕೆ ಕಾರಣಗಳು. ಒಂದು ಪೀಳಿಗೆಯ ಅಂತರದಲ್ಲಿ ಉತ್ತರ ಇಷ್ಟು ಬದಲಾಗುವ ಶಾಸ್ತ್ರದ ಅಂಕಿಯನ್ನು ಉಪಯೋಗಿಸುವವರು, ಆ ಅಂಕಿ ಯಾವ ಪರೀಕ್ಷೆಯನ್ನು ದಾಟಿ ಬಂದಿದೆಯೆಂದು ಕೇಳುವುದು ಅವಶ್ಯವಲ್ಲವೆ?

೬

ದೇಶ ವಿದೇಶಗಳ ಈ ವೃತ್ತಾಂತದಲ್ಲಿ ಕನ್ನಡ ನಾಡಿಗೆ ಸೇರಿದ ಒಂದು ಅಧ್ಯಾಯವಿದೆ. ಆಂಧ್ರದ ಅನಂತಪುರ ಮತ್ತು ಅದಕ್ಕೆ ಅಂಟಿಕೊಂಡಿರುವ ತುಮಕೂರು ಜಿಲ್ಲೆಯ ಪಾವಗಡ ಮಳೆ ಕಡಮೆಯಾದ ಸೀಮೆ. ಅಲ್ಲಿಯ ಕೆಂಪು ನೆಲದಲ್ಲಿ ಹಿಂದೆ ಹಲವು ಧಾನ್ಯಗಳ ಬೆರಕೆ ಬೇಸಾಯ ನಡೆಯುತ್ತಿತ್ತು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಮಳೆಯನ್ನೇ ನಂಬಿದ ಕಡಲೆಕಾಯಿ ಅದರ ಸ್ಥಾನವನ್ನು ಆಕ್ರಮಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂಗಾರಿನ ಅಧ್ಯಯನ ನಡೆಸಿದ ಸುಲೋಚನಾ ಗಾಡ್ಗೀಳ್, ಪಿ. ಆರ್. ಶೇಷಗಿರಿರಾವ್, ಕೆ. ನರಹರಿರಾವ್ ಮೊದಲಾದವರು ಈ ಸೀಮೆಯನ್ನು ಆರಿಸಿಕೊಂಡು, ಫ್ಲಾರಿಡಾದಲ್ಲಿ ಹುಟ್ಟಿದ ನೆಲಗಡಲೆಯ ಮಾದರಿಯನ್ನು ಟಿ.ಎಂ.ವಿ.-೨ ಎಂಬ ತಳಿಗೆ ಹೊಂದಿಸಿ, ಅನಂತಪುರದ ಇಳುವರಿಯೊಡನೆ ಹೋಲಿಸಿ ನೋಡಿದರು. ಅವರ ಲೇಖನಗಳು ೧೯೯೯ರಿಂದ ಪ್ರಕಟವಾದವು.

ಅವರು ಮಾದರಿಯನ್ನು ಕೇಳಿದ ಪ್ರಶ್ನೆ ಒಕ್ಕಲಿಗನದೇ ಪ್ರಶ್ನೆ: ಬಿತ್ತುವುದು ಯಾವಾಗ? ಆ ಸೀಮೆಯ ಬಿತ್ತನೆಯ ಅವಧಿ ಸುಮಾರು ಜೂನ್ ೨೨ರಿಂದ ಆಗಸ್ಟ್ ೧೭ರವರೆಗೆ, ಎಂದರೆ ಆರಿದ್ರೆಯಿಂದ ಆಶ್ಲೇಷದವರೆಗೆ. ಈ ಎಂಟು ವಾರಗಳಲ್ಲಿ ಮೊದಲ ಹದಮಳೆಗೇ ಬಿತ್ತಬೇಕೆ, ಕಾದು ನೋಡಬೇಕೆ? ಬೇಗ ಬಿತ್ತಿದ ಬೆಳೆಗೆ ಕಾಯಿ ಬಲಿಯುವ ಹೊತ್ತಿನಲ್ಲಿ ಮಳೆ ಮುನಿದರೆ ಇಡೀ ಶ್ರಮ ಹಾಳು. ದಶಕಗಳ ಮಳೆಯ ದಾಖಲೆಯನ್ನು ಮಾದರಿಗೆ ಕೊಟ್ಟು, ಒಂದೊಂದು ವಾರದ ಬಿತ್ತನೆಗೂ ಸೋಲಿನ ಸಂಭವವೆಷ್ಟೆಂದು ಲೆಕ್ಕ ಹಾಕುವುದು ಹೀಗೆ ಸಾಧ್ಯವಾಯಿತು. ಇಂತಹ ಲೆಕ್ಕಕ್ಕೆ ಇಲ್ಲಿ ವಿಶೇಷವಾದ ಬೆಲೆಯುಂಟು. ತಲೆಮಾರುಗಳಿಂದ ಬೆಳೆದು ಬಂದ ಪೈರಿಗೆ ಅನುಭವವೇ ಮಾದರಿ. ಹೊಸದಾಗಿ ಬಂದ ಬೆಳೆಗೆ ಅಂತಹ ಅನುಭವ ಇನ್ನೂ ಕೂಡಿಬಂದಿರುವುದಿಲ್ಲ.

ಆದರೆ ಪರೀಕ್ಷೆ ಇಲ್ಲಿಯೂ ಒಂದು ಬಿರುಕನ್ನು ತೋರಿಸಿತು. ಆ ಮಾದರಿ ನೀರನ್ನೂ ಬಿಸಿಲನ್ನೂ ಬಲ್ಲುದು. ಕೀಟವನ್ನೂ ರೋಗವನ್ನೂ ಅರಿಯದು. ಪಾವಗಡದ ಹೊಲದಲ್ಲಿ ಕಡಲೆಕಾಯಿಯ ಎಲೆಯನ್ನು ಸುರಂಗ ಕೊರೆಯುವ ಹುಳುವೂ ಎಲೆಚುಕ್ಕೆಯ ರೋಗವೂ ಮಳೆಯ ಕ್ರಮವನ್ನನುಸರಿಸಿಯೇ ಏರಿಳಿಯುತ್ತವೆ. ಆದುದರಿಂದ ಈ ವಿಜ್ಞಾನಿಗಳು ರೈತರೊಡನೆ ಕುಳಿತು, ಅವರು ಕಂಡು ತಿಳಿದುದನ್ನು ಕೂಡಿಸಿಕೊಂಡು, ಕೀಟ ರೋಗಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸರಳವಾದ ಇನ್ನೊಂದು ಮಾದರಿಯನ್ನು ರಚಿಸಿದರು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಪಿ. ಕೆ. ಅಗರವಾಲ್ ಮತ್ತು ಸಹೋದ್ಯೋಗಿಗಳು ಈ ಶತಮಾನದ ಆರಂಭದಲ್ಲಿ ರೂಪಿಸಿದ ಇನ್ಫೋಕ್ರಾಪ್ ಎಂಬ ಮಾದರಿಯಲ್ಲಿಯೂ ಕೀಟಗಳಿಂದಾಗುವ ನಷ್ಟಕ್ಕೆ ಸ್ಥಾನ ದೊರಕಿತು. ವಾಗೆನಿಂಗೆನ್ನಿನ ಗೋಧಿಗೆ ಅಷ್ಟಾಗಿ ಬೇಕಿಲ್ಲದ ಸಮೀಕರಣ ಪಾವಗಡದ ಕಡಲೆಕಾಯಿಗೆ ಜೀವಾಳವಾಗಬಹುದು. ಇದನ್ನು ತಿಳಿಸಿದುದು ಹೊಲವೇ.

೭

ಈ ಪರೀಕ್ಷೆಗಳ ಇತಿಹಾಸ ವಿದ್ವಾಂಸರ ವಿನೋದಕ್ಕೆ ಮಾತ್ರ ಮೀಸಲಾದುದಲ್ಲ. ಅದರ ಫಲ ರೈತನ ಕೈಗೆ ಬರುವ ಹಣಕ್ಕೆ ತಗಲುತ್ತದೆ. ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದ ಜೆ. ಎಸ್. ಚಕ್ರವರ್ತಿಯವರು ೧೯೨೦ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕೃಷಿವಿಮೆಯ ಒಂದು ಯೋಜನೆಯನ್ನು ಮುಂದಿಟ್ಟರು. ಒಬ್ಬೊಬ್ಬ ರೈತನ ಹೊಲವನ್ನು ಅಳೆಯುವುದು ಅಸಾಧ್ಯವಾದುದರಿಂದ, ಒಂದು ಪ್ರದೇಶದ ಮಳೆ ಇಂತಿಷ್ಟಕ್ಕಿಂತ ಕಡಮೆಯಾದರೆ ಅಲ್ಲಿಯವರೆಲ್ಲರಿಗೂ ಪರಿಹಾರ ಕೊಡಬೇಕೆಂಬುದು ಅದರ ಸಾರ. ಮಳೆಯ ಅಂಕಿಯಿಂದ ಬೆಳೆಯ ನಷ್ಟವನ್ನು ಗೊತ್ತುಮಾಡುವ ಇದೂ ಒಂದು ಬಗೆಯ ಮಾದರಿಯೇ. ೨೦೦೩ರಲ್ಲಿ ಅಂದಿನ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಯಲ್ಲಿ ನೆಲಗಡಲೆ ಮತ್ತು ಹರಳಿನ ಬೆಳೆಗಾರರಿಗೆ ಮಳೆಯಾಧಾರಿತ ವಿಮೆಯನ್ನು ಪ್ರಾಯೋಗಿಕವಾಗಿ ಮಾರಿದಾಗ ಆ ಹಳೆಯ ವಿಚಾರಕ್ಕೆ ಮರುಜೀವ ಬಂದಿತು. ಅದರ ತೊಡಕೂ ಜೊತೆಗೆ ಬಂದಿತು: ಮಳೆಮಾಪಕದಲ್ಲಿ ಬಿದ್ದ ಮಳೆ ನಾಲ್ಕು ಹರಿದಾರಿ ಆಚೆಯ ಹೊಲದಲ್ಲಿ ಬೀಳದಿರಬಹುದು.

೨೦೧೬ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬೀಮಾ ಯೋಜನೆ, ಸುಖಾತ್ಮೆ ಮತ್ತು ಪಾನಸೆಯವರ ಪದ್ಧತಿಯನ್ನನುಸರಿಸಿ, ಆರಿಸಿದ ತುಂಡುಗಳ ಕೊಯ್ಲಿನ ತೂಕವನ್ನು ಆಧಾರವಾಗಿಟ್ಟುಕೊಂಡಿತು. ೨೦೨೩ರಿಂದ ಭತ್ತ ಮತ್ತು ಗೋಧಿಗಳಿಗೆ ಉಪಗ್ರಹ ಹಾಗೂ ಬೆಳೆಯ ಮಾದರಿಗಳಿಂದ ಪಡೆದ ಅಂದಾಜನ್ನು ಆ ತೂಕದೊಡನೆ ಕೂಡಿಸುವ ವ್ಯವಸ್ಥೆ ಜಾರಿಗೆ ಬಂದಿದೆ. ಕೊಯ್ಲಿನ ಪ್ರಯೋಗಗಳಿಗೆ ಹಿಡಿಯುವ ಕಾಲ, ಅವುಗಳಲ್ಲಿ ನುಸುಳುವ ಮಾನವ ಲೋಪ, ಪರಿಹಾರದ ವಿಳಂಬ ಇವನ್ನು ನೋಡಿದರೆ ಈ ಹೆಜ್ಜೆಯನ್ನು ನಿರಾಕರಿಸಲಾಗದು. ಆದರೆ ಮೇಲೆ ಹೇಳಿದ ಇತಿಹಾಸವನ್ನು ಗಮನಿಸಿದವರಿಗೆ ಒಂದು ಶಂಕೆ ಹುಟ್ಟುವುದು ಸಹಜ. ಮಾದರಿಗಳು ಸಾಧಾರಣ ವರ್ಷದಲ್ಲಿ ಸರಿಯಾಗಿಯೂ ವಿಪರೀತ ವರ್ಷದಲ್ಲಿ ತಪ್ಪಾಗಿಯೂ ನಡೆಯುತ್ತ ಬಂದಿವೆ. ಯೂರೋಪಿನ ೨೦೦೩ರ ಬಿಸಿಗಾಳಿಯನ್ನು ಪರೀಕ್ಷೆಗೆ ಒಡ್ಡಿದ ೨೦೧೯ರ ಅಧ್ಯಯನವೂ ಬೆಳೆಯ ಮೇಲಣ ಪೆಟ್ಟಿನ ತೀವ್ರತೆಯನ್ನು ಹೆಚ್ಚಿನ ಮಾದರಿಗಳು ಕಡಮೆಯಾಗಿ ತೋರಿಸಿದುವೆಂದೇ ಹೇಳಿತು. ವಿಮೆಯ ಪರಿಹಾರ ಬೇಕಾಗುವುದಾದರೋ ವಿಪರೀತ ವರ್ಷದಲ್ಲಿಯೇ.

ಇಷ್ಟರಿಂದ ಮಾದರಿಗಳನ್ನು ತೊರೆಯಬೇಕೆಂದು ಸಿದ್ಧವಾಗುವುದಿಲ್ಲ. ಮುಂದಿನ ಹವೆ ಹಿಂದೆ ಕಂಡಂತೆ ಇರದೆಂದು ಸ್ಪಷ್ಟವಾಗಿರುವಾಗ, ಬರಿಯ ಹಿಂದಿನ ಅನುಭವದಿಂದ ಮುಂದಿನದನ್ನು ಹೇಳುವುದು ಇನ್ನೂ ದುರ್ಬಲವಾದ ದಾರಿ. ಸಿದ್ಧವಾಗುವುದು ಇಷ್ಟು: ಮಾದರಿಯ ಅಂಕಿ ಒಂಟಿಯಾಗಿ ಚಲಾವಣೆಗೆ ಬರಬಾರದು. ಯಾವ ಹೊಲಗಳಲ್ಲಿ, ಯಾವ ವರ್ಷಗಳಲ್ಲಿ, ಎಷ್ಟು ಬಿಸಿಯವರೆಗೆ ಅದನ್ನು ಪರೀಕ್ಷಿಸಿದೆ, ಪರೀಕ್ಷೆಯಲ್ಲಿ ಅದು ಎಷ್ಟು ತಪ್ಪಿತು ಎಂಬ ವಿವರ ಅದರ ಜೊತೆಯಲ್ಲಿಯೇ ಬರಬೇಕು. ಹಾಗೆ ಪರೀಕ್ಷಿಸುವುದಕ್ಕೆ ಬ್ರಾಡ್‌ಬಾಕ್ ಹೊಲದಲ್ಲಿಟ್ಟಂತಹ ದಾಖಲೆ ಜೋಳ, ರಾಗಿ, ತೊಗರಿ, ಕಡಲೆಕಾಯಿಗಳ ಸೀಮೆಗಳಲ್ಲಿಯೂ ಬೇಕು. ಬೆಳೆಯನ್ನು ಕೊಯ್ದು ತೂಗುವ ಕೆಲಸವನ್ನು ಯಂತ್ರ ಬಂದಿತೆಂದು ನಿಲ್ಲಿಸಿದರೆ, ಯಂತ್ರದ ಮಾತನ್ನು ತಾಳೆ ನೋಡಲು ಯಾವ ಸಾಕ್ಷ್ಯವೂ ಉಳಿಯುವುದಿಲ್ಲ. ತುಂಡು ನೆಲವನ್ನಳೆದು, ಕೊಯ್ದು, ಒಣಗಿಸಿ, ತೂಗಿ ಬರೆದಿಟ್ಟ ಆ ಒಂದು ಅಂಕಿಯ ಮೇಲೆಯೇ ಉಳಿದೆಲ್ಲ ಲೆಕ್ಕದ ನಂಬಿಕೆ ನಿಂತಿದೆ.